ನಾಲ್ವರಿಗೆ ಅಡುಗೆ ಮಾಡಲು ಬಾರದವನು

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕಿನ ಯಾವ ಊರಿಗೆ ಹೋದರೂ ಅಂಥವನೊಬ್ಬ ಇದ್ದೇ ಇರುತ್ತಾನೆ. ಹೊಟ್ಟೆಪಾಡಿಗೆ ಅವನು ಮೇಷ್ಟ್ರಾಗಿರಬಹುದು, ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿರಬಹುದು, ಲೈನ್‌ಮನ್ ಆಗಿರಬಹುದು, ಊರಿಗೆ ಗೊತ್ತಿರುವುದು ಒಂದೇ, "ಬಾಡಿನ ಎಸರು ಅಂದ್ರೆ ಅವನ ಕೈನದೇ ಕನ." ಈ ಮಾತನ್ನು ಊರಿಗೆ ಮೊದಲು ಹೇಳಿಕೊಟ್ಟವನು ಅವನೇ ಇರಬಹುದು, ಅದು ಹಾಗಿರಲಿ. ಅವನ ಮೇಲೆ ಎರಡು ದೂರುಗಳಿವೆ. ನಾಲ್ಕು ಜನರನ್ನು ಕರೆದು ನಲವತ್ತು ಜನಕ್ಕಾಗುವಷ್ಟು ಬೇಯಿಸುತ್ತಾನೆ. ಬೇಯಿಸಿದ ಪಾತ್ರೆಯನ್ನು ತೊಳೆಯುವುದಿಲ್ಲ. ಮೊದಲನೆಯದನ್ನು ಸ್ನೇಹಿತರು ಧಾರಾಳತನ ಎನ್ನುತ್ತಾರೆ, ಎರಡನೆಯದನ್ನು ಹೆಂಡತಿ ಸೋಮಾರಿತನ ಎನ್ನುತ್ತಾಳೆ. ಎರಡೂ ಅಲ್ಲ ಎಂಬುದು ನನ್ನ ವಾದ. ಇವನು ಅಡುಗೆ ಕಲಿತದ್ದು ಅಡುಗೆಮನೆಯಲ್ಲಲ್ಲ, ಪರಸೆಯಲ್ಲಿ. ಪರಸೆಯಲ್ಲಿ ಸಣ್ಣ ಪಾತ್ರೆ ಇರುವುದಿಲ್ಲ.

ಈ ಸೀಮೆಯ ದೇವರುಗಳನ್ನೇ ನೋಡಿ. ಮಲೆಯ ಮಾದಪ್ಪನ ಕಥೆಯಲ್ಲಿ ಸ್ವತಃ ಮಾದಪ್ಪನೇ ಸುತ್ತೂರು ಮಠದಲ್ಲಿ ರಾಗಿ ಬೀಸಲು ಕೂರುತ್ತಾನೆ. ದೇವರೇ ಬೀಸುವ ಕಲ್ಲಿನ ಮುಂದೆ ಕೂತ ಮೇಲೆ ಭಕ್ತ ಒಲೆಯ ಮುಂದೆ ಕೂರಲು ನಾಚುವುದುಂಟೆ? ಶಿವರಾತ್ರಿಗೋ ಯುಗಾದಿಗೋ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಬರುವವರಿಗೆ ದಾರಿಯುದ್ದಕ್ಕೂ ಅನ್ನ, ಪಾನಕ, ಮಜ್ಜಿಗೆ ಕೊಡುವವರಲ್ಲಿ ಹೆಚ್ಚಿನವರು ಗಂಡಸರೇ. ಇನ್ನು ಬನದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಜಾತ್ರೆ. ಸಿದ್ಧಪ್ಪಾಜಿಯ ಆ ಐದು ದಿನಗಳಲ್ಲಿ ಒಂದು ದಿನವನ್ನು ಪಂಕ್ತಿ ಸೇವೆಗೆಂದೇ ಇಟ್ಟಿದ್ದಾರೆ. ಬಿಡಾರ ಹೂಡಿ, ಮೂರು ಕಲ್ಲಿಟ್ಟು, ಬಾಡು ಬೇಯಿಸಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದೇ ಅಲ್ಲಿ ಸೇವೆ. ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಈಚಿನ ವರ್ಷಗಳಲ್ಲಿ ಅಲ್ಲಿಗೆ ಚೆಕ್‌ಪೋಸ್ಟುಗಳು ಬಂದಿವೆ. ಇದು ಬಲಿಯಲ್ಲ, ಊಟ ಎಂದು ಭಕ್ತರು ಹೇಳುತ್ತಲೇ ಇದ್ದಾರೆ. ಊಟವೇ ಪೂಜೆಯಾದ ಕಡೆ ಬೆಳೆದ ಹುಡುಗನಿಗೆ "ನಾಲ್ಕೇ ಜನಕ್ಕೆ ಸಾಕು" ಎಂದರೆ ಅರ್ಧ ಮಂತ್ರ ಹೇಳಿ ಎದ್ದು ಬಾ ಎಂದಂತೆ.

ಭಾನುವಾರದ ಹಿತ್ತಲನ್ನು ನೋಡಿದರೆ ಇದಕ್ಕೆ ಸಾಕ್ಷಿ ಸಿಗುತ್ತದೆ. ಒಳಗೆ ಎರಡು ಬರ್ನರಿನ ಗ್ಯಾಸ್ ಒಲೆ ಇರುತ್ತದೆ; ಇವನು ಹೊರಗೆ ಕಲ್ಲು ಹೂಡಿ ಸೌದೆ ಒಟ್ಟುತ್ತಾನೆ. ಮೊಮ್ಮಗನ ನಾಮಕರಣಕ್ಕೆಂದು ಅತ್ತೆ ತಂದಿಟ್ಟ ಡಬರಿ ಅಟ್ಟದಿಂದಿಳಿಯುತ್ತದೆ. ಉಪ್ಪು ಎಷ್ಟು ಎಂದು ಕೇಳಿ, "ಒಂದಿಡಿ" ಎನ್ನುತ್ತಾನೆ. ಅದು ಎರಡು ಸೇರು ನೀರಿನ ಹಿಡಿಯಲ್ಲ, ಹಂಡೆಯ ಹಿಡಿ. ಹಿಡಿ ಚಿಕ್ಕದಾಗದು, ಆದ್ದರಿಂದ ನೀರು ಹೆಚ್ಚುತ್ತದೆ, ನೀರು ಹೆಚ್ಚಿದ್ದಕ್ಕೆ ಖಾರ, ಖಾರ ಹೆಚ್ಚಿದ್ದಕ್ಕೆ ಇನ್ನೊಂದು ತೆಂಗಿನಕಾಯಿ. ನಾಲ್ಕು ನಲವತ್ತಾಗುವುದು ಈ ಲೆಕ್ಕದಲ್ಲಿ. ಧಾರಾಳತನಕ್ಕೆ ಇಲ್ಲಿ ಕೆಲಸವೇ ಇಲ್ಲ. ಹಿಟ್ಟು ತಿರುವುವಾಗಂತೂ ಗುಟ್ಟು ಪೂರಾ ಬಯಲು. ದೊಡ್ಡ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಮುದ್ದೆಕೋಲನ್ನು ಎರಡು ಕೈಯಲ್ಲಿ ಹಿಡಿದು ಗಂಟಿಲ್ಲದಂತೆ ತಿರುವಬಲ್ಲ ಇದೇ ಶೂರನಿಗೆ ಎರಡು ಮುದ್ದೆಯ ತಪ್ಪಲೆ ಕೊಟ್ಟರೆ ತಪ್ಪಲೆಯೇ ಕೋಲಿನ ಜತೆ ಗಿರಗಿರನೆ ಸುತ್ತುತ್ತದೆ. ಆಗ ತಪ್ಪು ತಪ್ಪಲೆಯದು.

ಸ್ನೇಹಿತರು ಬಂದಿರುತ್ತಾರೆ. ಒಬ್ಬ ಎಣ್ಣೆ ತಂದಿರುತ್ತಾನೆ, ಒಬ್ಬ ಎಣ್ಣೆ ಬಿಟ್ಟಿರುತ್ತಾನೆ, ಬಿಟ್ಟವನು ನಂಚಿಕೊಳ್ಳಲು ಇಟ್ಟ ಕಡ್ಲೆಕಾಯಿ, ಲಿವರ್ ಫ್ರೈಗಳನ್ನೆಲ್ಲ ಮುಗಿಸುತ್ತಾನೆ. ಅಡುಗೆಯವನು ಒಲೆ ಬಿಟ್ಟು ಕೂರುವುದಿಲ್ಲ. ಅರ್ಧ ಗಂಟೆಗೊಮ್ಮೆ ಸೌಟಿನ ತುದಿಯಿಂದ ಒಂದು ತೊಟ್ಟು ಎಸರನ್ನು ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ತೆಂಗಿನ ಮರದ ಸುಳಿಯ ಕಡೆ ನೋಡುತ್ತಾನೆ. ಆಮೇಲೆ ಒಬ್ಬೊಬ್ಬರ ಅಂಗೈಗೂ ತೊಟ್ಟು ಬೀಳುತ್ತದೆ. "ಸರ್ಯಾಗದೆ ಕನಣ್ಣ" ಎಂದವನನ್ನು ಅವನು ನಂಬುವುದಿಲ್ಲ. "ಒಂಚೂರು ಉಪ್ಪು" ಎಂದವನು ನಾಲಗೆ ಇರುವ ಮನುಷ್ಯ. ಅವನ ಮಾತಿಗೆ ಹೂಂಗುಟ್ಟಿ, ಉಪ್ಪಿನ ಡಬ್ಬಿ ಮುಟ್ಟಿ, ಏನೂ ಹಾಕದೆ ಇನ್ನೊಮ್ಮೆ ತಿರುವಿ ಅವನಿಗೇ ಕೊಡುತ್ತಾನೆ. "ಈಗ ಸರ್ಯಾಯ್ತು ನೋಡಿ" ಎನ್ನುತ್ತಾನೆ ಅವನು.

ಇಷ್ಟೆಲ್ಲ ಯೂಟ್ಯೂಬಿನ ಪ್ರಭಾವ, ಪರಸೆಯನ್ನು ಯಾಕೆ ಎಳೆಯುತ್ತೀರಿ ಎಂದು ಕೇಳುವವರಿದ್ದಾರೆ. ಫೋನು ಇವನಿಗೆ ಹೆಸರುಗಳನ್ನು ಕೊಟ್ಟಿರುವುದು ನಿಜ. ಒಡೆಯರಪಾಳ್ಯದ ಟಿಬೆಟನ್ನರ ಮೊಮೊ ತಿಂದು ಬಂದವನು ಮಾರನೆಯ ವಾರ ಮೊಮೊ ಮಾಡುತ್ತಾನೆ, ಅದಕ್ಕೂ ಫೋನನ್ನು ಕಿಟಕಿಗೆ ಒರಗಿಸುತ್ತಾನೆ. ಆದರೆ ಫೋನಿನಲ್ಲಿ ಹೇಳುವ ಹೆಂಗಸು 2 ಕಪ್ ಮೈದಾ ಎನ್ನುತ್ತಾಳೆ. ಇವನು ಎರಡು ಕೇಜಿ ಸುರಿಯುತ್ತಾನೆ. ಫೋನೇ ಗುರುವಾಗಿದ್ದರೆ ಕಪ್ಪು ಕೇಜಿಯಾಗುತ್ತಿತ್ತೆ?

ಇನ್ನೊಂದು ಆಕ್ಷೇಪಣೆ ಗಟ್ಟಿಯಾದದ್ದು. ಮೂರು ತಾಲ್ಲೂಕಿನ ಬಾಯಿ ಒಂದೇ ಅಲ್ಲ, ಒಂದೇ ಅಚ್ಚಿನ ಮನುಷ್ಯ ಎಲ್ಲಿಂದ ಬಂದ? ಒಪ್ಪುತ್ತೇನೆ. ಸುವರ್ಣಾವತಿಯ ಭತ್ತ ಉಂಡ ಯಳಂದೂರಿನವನು, ನಮ್ಮದು ದಿವಾನ್ ಪೂರ್ಣಯ್ಯನವರ ಜಹಗೀರು, ನಾಲಗೆಗೆ ನಯ ಬೇಕು ಎನ್ನುತ್ತಾನೆ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲದವನು ಸಾಂಬಾರಿನ ವಿಷಯದಲ್ಲಿ ಬೇರೆಯವರನ್ನು ಲೆಕ್ಕಕ್ಕೇ ಇಡುವುದಿಲ್ಲ. ಮೊನ್ನೆ ಮೊನ್ನೆ ಬೇರೆ ತಾಲ್ಲೂಕಾದ ಹನೂರಿನವನು ಹುರುಳಿ, ರಾಗಿ, ಸೊಗಡಿನ ಅವರೆ ಇಲ್ಲದ್ದು ಊಟವೇ ಅಲ್ಲ ಎನ್ನುತ್ತಾನೆ. ಹಿದುಕಿದ ಅವರೆಬೇಳೆಗೆ ಬದನೆಕಾಯಿ ಹಾಕಬೇಕೆ ಬೇಡವೆ ಎಂದು ಇವರು ಎಣ್ಣೆ ಇಳಿಯುವ ತನಕ ಜಗಳ ಆಡಬಲ್ಲರು. ಆದರೆ ಮೂವರೂ ಜಗಳ ಆಡುವುದು ಡಬರಿಯ ಸುತ್ತ ನಿಂತೇ. ಮೂವರ ಕ್ಯಾಲೆಂಡರೂ ಒಂದೇ: ಸೋಮವಾರ ಮಾದಪ್ಪನದು, ಶನಿವಾರ ಬಿಳಿಗಿರಿ ರಂಗಪ್ಪನದು, ಆ ಎರಡು ದಿನ ಬಾಡಿಲ್ಲ. ಆ ದಿನಗಳಲ್ಲಿ ಇವನು ಅಣ್ಣೆ, ಹೊನಗನ್ನೆ, ಗಣಿಕೆ ಎಂದು ಹೊಲದ ಬದುವಿನಲ್ಲಿ ಬೆರಕೆಸೊಪ್ಪು ಕೀಳುತ್ತ ಓಡಾಡುತ್ತಾನೆ. ತರುವುದು ಎಷ್ಟೆಂದರೆ ಮನೆಯ ಹಸುವಿಗೂ ಪಾಲು ಸಿಗುತ್ತದೆ.

ಉಳಿದದ್ದು ಹೆಂಡತಿಯ ಆಕ್ಷೇಪಣೆ. ವರ್ಷದ ಉಳಿದ ದಿನ ಬೇಯಿಸುವವಳು ನಾನು, ನನ್ನದು ಅಡುಗೆ, ಅವರದು ಹೇಗೆ ಕಲೆಯಾಯಿತು ಎನ್ನುತ್ತಾಳೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅವನಲ್ಲಂತೂ ಇಲ್ಲ. ಆದರೆ ಪಾತ್ರೆಯ ಪ್ರಶ್ನೆ ಇದರಿಂದ ತಿಳಿಯಾಗುತ್ತದೆ. ಪರಸೆಯಲ್ಲಿ ಅಡುಗೆ ಮಾಡುವ ಗುಂಪು ಬೇರೆ, ಮುಸುರೆ ತಿಕ್ಕುವ ಗುಂಪು ಬೇರೆ. ಇವನು ಮನೆಗೆ ಬರುವಾಗ ಮೊದಲ ಗುಂಪನ್ನು ಮಾತ್ರ ತಂದ. ಎರಡನೆಯದು ಮನೆಯಲ್ಲಿ ಮೊದಲೇ ಇದೆಯೆಂದು ತಿಳಿದ. ರಾತ್ರಿ ಹತ್ತಕ್ಕೆ ಬೀದಿಯ ಮನೆಮನೆಗೂ ಎಸರಿನ ಪಾತ್ರೆ ಹೋಗಿಬರುತ್ತದೆ, ಅವನು ಬೆಟ್ಟದ ಕಾಫಿಪುಡಿಯಲ್ಲಿ ಕೊನೆಯ ಲೋಟ ಕಾಸಿ ಕುಡಿದು, ತಾನು ಒಂದು ತುತ್ತೂ ಸರಿಯಾಗಿ ಉಣ್ಣದೆ, ಎಲ್ಲರೂ ಹೊಗಳಿದ್ದನ್ನು ನೆನೆಯುತ್ತ ಮಲಗುತ್ತಾನೆ. ಬೆಳಿಗ್ಗೆ ಅವನು ಏಳುವ ಮೊದಲೇ ಹೆಂಡತಿ ಉಳಿದ ಎಸರನ್ನು ಸಣ್ಣ ತಪ್ಪಲೆಗೆ ಬಗ್ಗಿಸಿ, ಸಣ್ಣ ಉರಿಯಲ್ಲಿ ಹಿಂಗಿಸಿ, ಚೂರು ಹುಣಸೆ ಹಿಂಡಿ, ತಂಗಳ ಹಿಟ್ಟು ಮುರಿದುಕೊಂಡು ಒಬ್ಬಳೇ ಕೂತು ಉಣ್ಣುತ್ತಾಳೆ. ಆ ಸೀಮೆಯ ಅತಿ ಒಳ್ಳೆಯ ಬಾಡಿನ ಎಸರು ಅದೇ. ಅದನ್ನು ಅವನು ಇನ್ನೂ ರುಚಿ ನೋಡಿಲ್ಲ.