ಹೊನ್ನಾವರಕ್ಕೆ ಎಷ್ಟು ಎನ್?

ಸಮುದ್ರದ ಬಗ್ಗೆ ಓದಲಿಕ್ಕೆ ಜರ್ಮನಿಗೆ ಹೋಗುತ್ತೇನೆ ಎಂದು ನಾನು ಹೇಳಿದ್ದು ಚಕ್ಕುಲಿ ಕಂಬಳದ ದಿನ. ತಪ್ಪು ಅಲ್ಲೇ ಆಯಿತು. 2023ರ ಚೌತಿಗೆ ಇನ್ನು ನಾಲ್ಕೇ ದಿನ ಇತ್ತು. ನಮ್ಮ ಮನೆಯ ಜಗಲಿಯಲ್ಲಿ ಕೇರಿಯ ಹತ್ತು ಮನೆಯವರು ಸಾಲಾಗಿ ಕೂತು ಕೈಸುತ್ತಿನ ಚಕ್ಕುಲಿ ಸುತ್ತುತ್ತಿದ್ದರು. ಸುತ್ತುವ ಕೈಗಳು ಒಂದು ಕ್ಷಣ ನಿಂತವು. ಆಮೇಲೆ ಅತ್ತೆ, ಹಿಟ್ಟಿನ ಎಳೆಯಿಂದ ಕಣ್ಣು ತೆಗೆಯದೆ, "ಸಮುದ್ರ ಇಲ್ಲೇ ಇದ್ದಲ ತಮಾ. ಎಂತಕ್ಕೆ ಅಷ್ಟು ದೂರ ಹೋಪದು?" ಎಂದಳು.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ನನ್ನ ಹತ್ತಿರ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಅದಕ್ಕಿಂತ ದೊಡ್ಡ ಗುಟ್ಟೊಂದನ್ನು ನಾನು ಮುಚ್ಚಿಟ್ಟುಕೊಂಡಿದ್ದೆ. ನಾನು ಆರಿಸಿಕೊಂಡಿದ್ದ ಬ್ರೆಮೆನ್ ಊರಿಗೆ ಸಮುದ್ರವೇ ಇಲ್ಲ. ವೇಸರ್ ಎಂಬ ಹೊಳೆ ಇದೆ. ಅದರ ಗುಂಟ 60 ಕಿಲೋಮೀಟರು ಹೋದರೆ ಸಮುದ್ರ ಸಿಗುತ್ತದೆ, ಹೆಚ್ಚು ಕಡಿಮೆ ಕುಮಟೆಯಿಂದ ಭಟ್ಕಳಕ್ಕೆ ಇರುವಷ್ಟು ದೂರ. ನಮ್ಮ ಹೊನ್ನಾವರದಲ್ಲಿ ಶರಾವತಿಯ ಅಳಿವೆಗೆ ನಡೆದೇ ಹೋಗಬಹುದು. ಇದು ಅತ್ತೆಗೆ ಗೊತ್ತಾಗಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ನನ್ನ ಪರವಾಗಿ ಮಾತಾಡಿದವರು ನಿವೃತ್ತ ಕನ್ನಡ ಮಾಸ್ತರರೊಬ್ಬರೇ. "ಹೋಗಲಿ ಬಿಡಿ. ನಮ್ಮ ಕುಮಟಾ ತಾಲ್ಲೂಕು ಹನೇಹಳ್ಳಿಯ ಯಶವಂತ ಚಿತ್ತಾಲರು ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿಗೆ ಹೋಗಿ ಓದಿ ಬರಲಿಲ್ಲವೇ?" ಎಂದರು. ಎಲ್ಲರೂ ತಲೆಯಾಡಿಸಿದರು. ಆಗ ಮಾಸ್ತರರು, "ಓದಿದ್ದು ಪಾಲಿಮರು, ಬರೆದದ್ದು ಹನೇಹಳ್ಳಿ" ಎಂದು ಸೇರಿಸಿ, ತಾವು ಯಾರ ಪರ ಎಂಬುದನ್ನು ಮತ್ತೆ ಅನುಮಾನಕ್ಕೆ ಬಿಟ್ಟರು.

ಭಟ್ಕಳದ ಗೆಳೆಯನಿಗೆ ಇದೆಲ್ಲ ಅರ್ಥವೇ ಆಗಲಿಲ್ಲ. ಅವನದು ನವಾಯತರ ಮನೆ. ಅಪ್ಪ ದುಬೈ, ಚಿಕ್ಕಪ್ಪ ಸೌದಿ, ಅಣ್ಣ ಮಸ್ಕತ್. "ನೀವು ಒಬ್ಬ ಹೋಗಲಿಕ್ಕೆ ಇಡೀ ತಾಲ್ಲೂಕಿಗೆ ಡಂಗುರ ಹೊಡೀತೀರಿ ಮಾರಾಯ. ನಮ್ಮಲ್ಲಿ ಒಬ್ಬ ಎರಡು ಶುಕ್ರವಾರ ಮಸೀದಿಯಲ್ಲಿ ಕಾಣಲಿಲ್ಲ ಅಂದರೆ ದುಬೈಗೆ ಹೋದ ಅಂತ ಅರ್ಥ" ಎಂದ. ಅವನು ಕೊಟ್ಟ ಸಲಹೆ ಒಂದೇ: ಪೆಟ್ಟಿಗೆಯನ್ನು ಮನೆಯಲ್ಲೇ ತೂಗು, 23 ಕಿಲೋ ದಾಟಬಾರದು. ತೂಗುವ ಕೊಕ್ಕೆ ತಕ್ಕಡಿಯನ್ನೂ ಕೊಟ್ಟ. ಈಗ ಅಮ್ಮ ಅದರಲ್ಲಿ ಒಣಗಿಸಿದ ಮುರುಗಲು ಸಿಪ್ಪೆ ತೂಗುತ್ತಾಳೆ.

ಪೆಟ್ಟಿಗೆಯವರೆಗೆ ಹೋಗುವ ಮೊದಲು ನಾನು ಯಾರು ಎಂದು ಸಾಬೀತಾಗಬೇಕಿತ್ತಲ್ಲ. ಇಡಗುಂಜಿ ದೇವರ ದಯದಿಂದ ನಮ್ಮ ತಾಲ್ಲೂಕಿನ ಬಸ್ಸಿನಲ್ಲಿ "ಗಣಪತಿ" ಎಂದು ಕೂಗಿದರೆ ಡ್ರೈವರನೂ ತಿರುಗಿ ನೋಡುತ್ತಾನೆ. ನಾನೂ ಗಣಪತಿಯೇ. ಆದರೆ ಅಂಕಪಟ್ಟಿಯ ಗಣಪತಿಗೆ ಇಂಗ್ಲಿಷಿನಲ್ಲಿ ಎಚ್ ಇಲ್ಲ, ಆಧಾರ್ ಕಾರ್ಡಿನ ಗಣಪತಿಗೆ ಎಚ್ ಇದೆ. ಸಾಲದ್ದಕ್ಕೆ ಒಂದರಲ್ಲಿ ಹೊನ್ನಾವರಕ್ಕೆ ಒಂದೇ ಎನ್, ಇನ್ನೊಂದರಲ್ಲಿ ಎರಡು. ಎರಡೂ ಅರ್ಜಿ ತುಂಬಿದ್ದು ನಾನೇ ಆದ್ದರಿಂದ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಅಫಿಡವಿಟ್ ಮಾಡಿಸಲು ಕುಮಟೆಗೆ ಹೋದೆ. ನೋಟರಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಎರಡೂ ಕಾಗದ ನೋಡಿದರು. "ಇವನೂ ಅವನೂ ಒಬ್ಬನೇ ಅಂತ ನೀನು ಪ್ರಮಾಣ ಮಾಡಬಹುದು. ಆದರೆ ಈ ಹೊನ್ನಾವರವೂ ಆ ಹೊನ್ನಾವರವೂ ಒಂದೇ ಅಂತ ಹ್ಯಾಗೆ ಪ್ರಮಾಣ ಮಾಡ್ತಿ? ಊರೇನು ನಿನ್ನದಾ?" ಎಂದರು. ಕಡೆಗೆ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ, ನನಗೆ ತಿಳಿದ ಮಟ್ಟಿಗೆ ಎರಡೂ ಒಂದೇ ಊರು ಎಂದು ಪ್ರಮಾಣ ಮಾಡಿದೆ.

1340ರ ದಶಕದಲ್ಲಿ ಮೊರಾಕ್ಕೊದಿಂದ ಇಬ್ನ್ ಬತೂತ ಇದೇ ಊರಿಗೆ ಬಂದ. ಬರೆದುಕೊಂಡದ್ದು ಹಿನಾವರ್ ಎಂದು. ಪೋರ್ಚುಗೀಸರು ಬಂದರು, ಓನೋರ್ ಎಂದರು. ಅವರಿಗೆ ಯಾರೂ ಅಫಿಡವಿಟ್ ಕೇಳಲಿಲ್ಲ. ಬತೂತನಂತೂ ಊರಲ್ಲಿ ಹುಡುಗಿಯರ ಶಾಲೆ 13, ಹುಡುಗರ ಶಾಲೆ 23 ಇವೆ ಎಂದು ಬರೆದಿಟ್ಟಿದ್ದಾನೆ. ಅಂದರೆ ಆ ಕಾಲದಲ್ಲಿ ಹೊರಗಿನವರು ನಮ್ಮ ಶಾಲೆ ನೋಡಿ ಬೆರಗಾಗುತ್ತಿದ್ದರು. ಈ ಸಂಗತಿಯನ್ನು ನನ್ನ ಉದ್ದೇಶಪತ್ರದ ಮೊದಲ ಸಾಲು ಮಾಡಿದೆ. ಓದಿದ ಸೀನಿಯರೊಬ್ಬ, "ಹಾಗಾದರೆ ನೀನು ಅಲ್ಲಿಗೆ ಯಾಕೆ ಹೋಗ್ತಿ ಅಂತ ಕೇಳ್ತಾರೆ" ಎಂದು ಹೊಡೆದು ಹಾಕಿಸಿದ. ಜರ್ಮನಿಯಲ್ಲೂ ಅತ್ತೆಯಂದಿರು ಇರುತ್ತಾರೆಂದು ನನಗೆ ಹೊಳೆದಿರಲಿಲ್ಲ.

ಐಇಎಲ್‌ಟಿಎಸ್ ಪರೀಕ್ಷೆಯನ್ನು ಹುಬ್ಬಳ್ಳಿಯಲ್ಲಿ ಬರೆದೆ. ಓದು, ಬರಹ, ಆಲಿಸುವಿಕೆ ದಾಟಿ ಮಾತಿನ ಸರದಿ ಬಂತು. ಒಂದು ಚೀಟಿ ಕೊಡುತ್ತಾರೆ, ಒಂದು ನಿಮಿಷ ಯೋಚನೆ, ಎರಡು ನಿಮಿಷ ಮಾತು. ಗುಣವಂತೆಯ ಕೆರೆಮನೆ ಮೇಳದ ಆಟ ನೋಡಿ ಬೆಳೆದವನಿಗೆ ಎರಡು ನಿಮಿಷ ಎಂದರೇನು? ಅಷ್ಟರಲ್ಲಿ ಭಾಗವತರು ತಾಳವನ್ನೂ ಕೈಗೆತ್ತಿಕೊಂಡಿರುವುದಿಲ್ಲ. ನನಗೆ ಬಂದ ಚೀಟಿ, ನಿನಗೆ ಇಷ್ಟವಾದ ಒಂದು ನದಿಯ ಬಗ್ಗೆ ಮಾತಾಡು ಎಂದು. ಒಳಗೊಳಗೇ ಕುಣಿದೆ. ಅಂಬುತೀರ್ಥದಲ್ಲಿ ರಾಮ ಬಾಣ ಬಿಟ್ಟಲ್ಲಿಂದ ಹಿಡಿದೆ. ಲಿಂಗನಮಕ್ಕಿ ಅಣೆಕಟ್ಟಿಗೆ ಬರುವಷ್ಟರಲ್ಲಿ ಪರೀಕ್ಷಕಿ ಕೈ ಎತ್ತಿ ನಿಲ್ಲಿಸಿದಳು. ಜೋಗದಲ್ಲಿ ಧುಮುಕಲಿಕ್ಕೂ ಬಿಡಲಿಲ್ಲ. ನನ್ನ ಶರಾವತಿ ಇವತ್ತಿಗೂ ಹುಬ್ಬಳ್ಳಿಯ ಆ ಕೋಣೆಯಲ್ಲಿ ಕಟ್ಟಿ ನಿಂತಿದೆ. ಬಂದದ್ದು ಆರೂವರೆ ಬ್ಯಾಂಡು.

ಜರ್ಮನ್ ಭಾಷೆಯನ್ನು ಯೂಟ್ಯೂಬಿನಲ್ಲಿ ಕಲಿಯಲು ಕೂತೆ. ಅಲ್ಲಿ ಮೇಜು ಗಂಡು, ದೀಪ ಹೆಣ್ಣು, ಹುಡುಗಿ ಮಾತ್ರ ನಪುಂಸಕ ಲಿಂಗ. ದಸ್ ಮೇಡ್ಶೆನ್. ಇದೆಂಥ ಅನ್ಯಾಯ ಎಂದು ಅಜ್ಜಿಗೆ ಹೇಳಿದರೆ, ಅವಳು ಕವಳ ಕುಟ್ಟುತ್ತ, "ಅದ್ರಲ್ಲಿ ಎಂತ ಇದ್ದು? ಕೂಸು ಬಂತು, ಕೂಸು ಹೋತು. ನಾವೂ ಹಾಂಗೇ ಹೇಳದಲ" ಎಂದಳು. ನಿಜ. ಹವ್ಯಕರ ಮನೆಮಾತಿನಲ್ಲಿ ಅಜ್ಜಿಯೇ "ಬಂತು", ಅಮ್ಮನೇ "ಹೋತು". ದುಡ್ಡು ಕೊಟ್ಟು ಕಲಿಯುವವರು ಒದ್ದಾಡುವ ವ್ಯಾಕರಣ ನಮ್ಮ ಅಡುಗೆಮನೆಯಲ್ಲೇ ಬಿದ್ದಿತ್ತು. ಅಂದಿನಿಂದ ಅಜ್ಜಿಗೆ ಜರ್ಮನಿಯ ಮೇಲೆ ಒಂದು ನೆಂಟಸ್ತಿಕೆಯ ಭಾವ ಬಂತು. ನನ್ನ ವೀಸಾ ಆಗಲಿ ಎಂದು ಇಡಗುಂಜಿಗೆ ಪಂಚಖಾದ್ಯದ ಹರಕೆಯನ್ನೂ ಹೊತ್ತಳು. ಇಡಗುಂಜಿಯಲ್ಲಿ ದೇವರು ಎರಡೇ ಕೈಯ, ನಿಂತ ಗಣಪತಿ; ಪಕ್ಕದಲ್ಲಿ ಇಲಿಯೂ ಇಲ್ಲ. ವಾಹನವೇ ಇಲ್ಲದ ದೇವರಿಗೆ ವಿಮಾನದ ಹರಕೆ ಹೊತ್ತರೆ ಅವನಾದರೂ ಏನು ಮಾಡಿಯಾನು?

ದುಡ್ಡಿನ ಕತೆಗೆ ಬರುತ್ತೇನೆ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ ಎಂದಾಗ ಅಪ್ಪ ಮೊದಲ ಸಲ ಮೊಬೈಲಿನಿಂದ ತಲೆ ಎತ್ತಿದ. ಆದರೆ ಒಂದು ವರ್ಷದ ಊಟ-ವಸತಿಯ ಹಣವನ್ನು ಮೊದಲೇ ಅಲ್ಲಿಯ ಖಾತೆಯೊಂದರಲ್ಲಿ ಹಾಕಿ ಬೀಗ ಜಡಿಯಬೇಕು. ಆಗ 11,208 ಯೂರೋ, ಸುಮಾರು ಹತ್ತು ಲಕ್ಷ ರೂಪಾಯಿ. ಅದನ್ನು ಅವರು ತಿಂಗಳು ತಿಂಗಳು ನಮಗೇ ಬಿಡುತ್ತಾರೆ. "ನಮ್ಮ ದುಡ್ಡನ್ನ ನಮಗೇ ಅಳೆದು ಕೊಡ್ತಾರಾ? ಇವರು ನಮ್ಮ ಅಡಿಕೆ ಸೊಸೈಟಿಗಿಂತ ಬಿಗಿ" ಎಂದ ಅಪ್ಪ.

ಸಾಲ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಬೇಕು ಎಂದರು ಬ್ಯಾಂಕಿನವರು. ಅಪ್ಪ ಹೆಮ್ಮೆಯಿಂದ ತೋಟದ ಪಹಣಿ ಮುಂದಿಟ್ಟ. ಕೃಷಿ ಜಮೀನು ಇದಕ್ಕೆ ಆಗುವುದಿಲ್ಲ, ಎನ್.ಎ. ಆದ ಜಾಗ ಬೇಕು ಎಂದರು. ಹಾಗಾದರೆ ಸೊಪ್ಪಿನ ಬೆಟ್ಟ ಇದೆಯಲ್ಲ ಎಂದ ಅಪ್ಪ. ಬೆಟ್ಟದಲ್ಲಿ ಸೊಪ್ಪು ಕಡಿಯುವ ಹಕ್ಕು ನಮ್ಮದು, ಬೆಟ್ಟ ಸರಕಾರದ್ದು ಎಂದು ಮ್ಯಾನೇಜರರು ತಾಳ್ಮೆಯಿಂದ ವಿವರಿಸಿದರು. ಉಳಿದದ್ದು ಮನೆ. ಅದರ ಕಾಗದದಲ್ಲಿ ಅಜ್ಜನ ಜೊತೆ ಅವನ ಐದು ಜನ ಅಣ್ಣತಮ್ಮಂದಿರ ಹೆಸರಿತ್ತು. ಆರೂ ಜನ ತೀರಿಕೊಂಡು ಎಷ್ಟೋ ವರ್ಷವಾಗಿದೆ. ನಾನು ವಿದೇಶಕ್ಕೆ ಹೋಗಬೇಕಾದರೆ ಮೊದಲು ಇವರೆಲ್ಲ ಪರಲೋಕದಿಂದ ಬಂದು ಸಹಿ ಹಾಕಬೇಕಿತ್ತು. ಅವರ ಮಕ್ಕಳು ಮೊಮ್ಮಕ್ಕಳನ್ನು ಶಿರಸಿ, ಪುಣೆ, ಬೆಂಗಳೂರು ಎಂದು ಹುಡುಕಿ ಹುಡುಕಿ ಹಿಸೆ ಮುಗಿಸುವಷ್ಟರಲ್ಲಿ 2024ರ ಸೆಪ್ಟೆಂಬರ್ ಬಂತು. ಜರ್ಮನಿಯವರು ಮೊತ್ತವನ್ನು 11,904 ಯೂರೋಗೆ ಏರಿಸಿದರು. ಅಪ್ಪ ಪೆನ್ನು ಕಿಸೆಗೆ ಹಾಕಿ ತೋಟಕ್ಕೆ ಹೋದ. ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಬಾಕಿ ಇತ್ತು.

ಈ ನಡುವೆ ನಾನು ಜರ್ಮನಿಯ ಪ್ರಾಧ್ಯಾಪಕರಿಗೆಲ್ಲ ಮಿಂಚಂಚೆ ಬರೆಯುತ್ತಲೇ ಇದ್ದೆ. ಅಘನಾಶಿನಿ ಅಳಿವೆಯ ಬಳಚಿನ, ಅಂದರೆ ಕಪ್ಪೆಚಿಪ್ಪಿನ, ಮೇಲೆ ಕೆಲಸ ಮಾಡುವ ಆಸೆ ಎಂದು ಬರೆದಿದ್ದೆ. ಜನ್ಮದಲ್ಲಿ ಬಳಚು ತಿನ್ನದ ಮನೆಯವನು, ಕುಮಟೆಯ ಹೊಳೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಕಾಲಿನಲ್ಲೇ ತಡವಿ ಬಳಚು ಹೆಕ್ಕುವುದನ್ನು ನೋಡಿ ಮರುಳಾದವನು ನಾನು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಕಗ್ಗ ಭತ್ತ ಬೆಳೆಯುವ ಗಜನಿಗೆ ಏಕ್‌ದಂ ಅಂತಾರಾಷ್ಟ್ರೀಯ ಮರ್ಯಾದೆ ಬಂತು. ಕೆಲವು ತಿಂಗಳ ಮೇಲೆ ಒಬ್ಬ ಪ್ರಾಧ್ಯಾಪಕರ ಉತ್ತರವೂ ಬಂತು. ನಡುಗುವ ಕೈಯಲ್ಲಿ ತೆರೆದೆ. ನಿಮ್ಮ ಆಸಕ್ತಿ ನೋಡಿ ಸಂತೋಷವಾಯಿತು, ನಮ್ಮ ವಿದ್ಯಾರ್ಥಿನಿಯೊಬ್ಬಳು ನಿಮ್ಮ ಅಳಿವೆಯನ್ನು ನೋಡಬೇಕೆಂದಿದ್ದಾಳೆ, ಅಲ್ಲಿ ಅವಳಿಗೆ ಉಳಿಯಲು ಎಲ್ಲಾದರೂ ವ್ಯವಸ್ಥೆ ಆದೀತೇ?

ಡಿಸೆಂಬರಿನಲ್ಲಿ ಕುಮಟಾ ಸ್ಟೇಷನ್ನಿನಲ್ಲಿ ಅವಳನ್ನು ಇಳಿಸಿಕೊಂಡೆ. ಬೆನ್ನ ಮೇಲೊಂದು ಚೀಲ, 23 ಕಿಲೋದ ಅರ್ಧವೂ ಇರಲಿಲ್ಲ. ಮನೆಯ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅಜ್ಜಿ ಒಳಗೆ ತಿರುಗಿ, "ಕೂಸು ಬಂತು, ಬಾಳೆ ಹಾಕು" ಎಂದು ಕೂಗಿದಳು. ಬಂದವಳ ಭಾಷೆಯ ವ್ಯಾಕರಣಕ್ಕೂ ಇದರಿಂದ ಚ್ಯುತಿ ಬರಲಿಲ್ಲ.

ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡರೆ ಆಗ 24 ಗಂಟೆಯೊಳಗೆ ಫಾರ್ಮ್ ಸಿ ಎಂಬುದನ್ನು ತುಂಬಬೇಕಿತ್ತು. ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತೆ. ಅವಳ ಪಾಸ್‌ಪೋರ್ಟಿನ ವಿವರ ಎರಡು ನಿಮಿಷದಲ್ಲಿ ಮುಗಿಯಿತು. ಎಲ್ಲ ಕಾಗದದಲ್ಲೂ ಅವಳ ಹೆಸರು ಒಂದೇ ತರ ಇತ್ತು. ಆಮೇಲೆ ಮನೆಯ ಯಜಮಾನ ಯಾರು, ವಿಳಾಸ ಏನು ಎಂಬ ಅಂಕಣ ಬಂತು. ಊರಿನ ಹೆಸರು ಹೊಡೆಯುತ್ತ ಬೆರಳು ಎನ್ ಮೇಲೆ ನಿಂತಿತು. ಅವಳು ಪಕ್ಕದಲ್ಲಿ ಎಳ್ಳುಂಡೆ ಕಡಿಯುತ್ತ ಬಗ್ಗಿ ನೋಡಿದಳು. ಬರುವ ದಾರಿಯಲ್ಲಿ ಬೋರ್ಡುಗಳ ಮೇಲೆ ಎರಡೂ ತರ ನೋಡಿದೆ, ಅವೆರಡೂ ಒಂದೇ ಊರೇ ಎಂದು ಕೇಳಿದಳು.

ನಾನು ಎದ್ದು ಕಪಾಟಿನಿಂದ ಕುಮಟೆಯ ಅಫಿಡವಿಟ್ ತಂದೆ.