ಕೊಟ್ಟಿಗೆಹಾರದ ಮೈನಸ್ 40: ಒಂದು ಪ್ರಮಾಣ ವಿಚಾರ

ಚಾರ್ಮಾಡಿ ಏರಿ ಕೊಟ್ಟಿಗೆಹಾರದಲ್ಲಿ ಉಸ್ಸೆಂದು ನಿಂತ ಕಾರಿಗೆ ಸ್ಕ್ಯಾನರ್ ಸಿಕ್ಕಿಸಿದಾಗ ಪಿ0113 ಎಂಬ ಸೂತ್ರವೂ ‘ಒಳಬರುವ ಗಾಳಿ ಮೈನಸ್ 40 ಡಿಗ್ರಿ’ ಎಂಬ ಅದರ ವೃತ್ತಿಯೂ ಮೂಡುವುದುಂಟು. ಇದನ್ನು ಶಬ್ದಪ್ರಮಾಣವೆಂದು ಒಪ್ಪಿದರೆ ಆಗುವ ಅನರ್ಥ ಸಣ್ಣದಲ್ಲ. ಮೈನಸ್ 40ರಲ್ಲಿ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಆಗುವುದರಿಂದ, ಅದು ಅಮೆರಿಕದವರ ಲೆಕ್ಕವಿರಬೇಕೆಂದು ನುಣುಚಿಕೊಳ್ಳಲೂ ದಾರಿಯಿಲ್ಲ. ಅರೇಬಿಕಾ ಗಿಡವೋ, ಇಬ್ಬನಿ ಹೆಪ್ಪುಗಟ್ಟಿದರೇ ಕರಕಲಾಗುವ ಜಾತಿ. ಆದರೂ ಬಾಬಾಬುಡನ್‌ಗಿರಿಯಿಂದ ಕಳಸದವರೆಗೆ ತೋಟಗಳು ಹಸಿರಾಗಿಯೇ ಇವೆ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಕಾಂಡಕೊರಕ, ಎಲೆ ತುಕ್ಕುಗಳ ಬೆನ್ನು ಹತ್ತಿದೆಯೇ ಹೊರತು ಹಿಮಕರಡಿಯ ಕಾಟದ ಬಗ್ಗೆ ಕರಪತ್ರ ಹೊರಡಿಸಿಲ್ಲ. ಎದುರಿಗಿನ ಹೋಟೆಲಿನ ನೀರುದೋಸೆಯಿಂದ ಹಬೆ ಏಳುತ್ತಿರುವುದಂತೂ ಪ್ರತ್ಯಕ್ಷ. ಶಬ್ದ ಪ್ರತ್ಯಕ್ಷಕ್ಕೆ ಸೋತಿತು.

ಹಾಗೆಂದು ಸ್ಕ್ಯಾನರ್ ಸುಳ್ಳುಬುರುಕವಲ್ಲ. ಕಂಡದ್ದನ್ನೇ ಹೇಳಿದೆ, ಕಂಡದ್ದು ಚಳಿಯಲ್ಲ, ಅಷ್ಟೆ. ಗಾಳಿಯ ಬಿಸಿ ನೋಡುವ ಸೆನ್ಸರ್ ಬಿಸಿಯಾದಷ್ಟೂ ವಿದ್ಯುತ್ತಿಗೆ ದಾರಿ ಬಿಡುತ್ತದೆ, ತಣ್ಣಗಾದಷ್ಟೂ ತಡೆಯುತ್ತದೆ. ಎಂಜಿನ್ನಿನ ಕಂಪ್ಯೂಟರು 5 ವೋಲ್ಟ್ ಕಳಿಸಿ, ಎಷ್ಟು ಉಳಿಯಿತೆಂದು ನೋಡಿ ಹವೆ ಹೇಳುತ್ತದೆ. ವೈರೇ ತುಂಡಾದರೆ ತಡೆ ಅನಂತ. ಐದಕ್ಕೆ ಐದೂ ಉಳಿಯುತ್ತದೆ. ಅನಂತ ತಡೆಯೆಂದರೆ ಪರಮಚಳಿ ಎಂದು ಬಗೆದು ಅದು ತನ್ನ ಕೋಷ್ಟಕದ ಕಟ್ಟಕಡೆಯ ಸಾಲಿಗೆ ಹೋಗಿ ಕೂರುತ್ತದೆ. ಎಷ್ಟೋ ಕಾರುಗಳಲ್ಲಿ ಕಂಪ್ಯೂಟರಿಗೇ ಇದರಲ್ಲಿ ನಂಬಿಕೆಯಿಲ್ಲ. ದೀಪ ಹೊತ್ತಿಸಿ, ತಾನೇ ಒಂದು ಉಷ್ಣತೆ ಊಹಿಸಿಕೊಂಡು ಸಂಸಾರ ತೂಗಿಸುತ್ತದೆ. ನಂಬಿತೋ, ತಣ್ಣನೆಯ ಗಾಳಿ ದಟ್ಟವೆಂದು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ. ಪರ್ವತದಲ್ಲಿ ಹೊಗೆ ಕಂಡರೆ ಬೆಂಕಿಯುಂಟೆಂದ ನೈಯಾಯಿಕರು ಈ ಘಾಟಿಯಲ್ಲಿ ಸೈಲೆನ್ಸರಿನ ಕಪ್ಪು ಹೊಗೆ ಕಂಡಿದ್ದರೆ, ಬೆಂಕಿಗೆ ದಕ್ಕದೆ ಉಳಿದ ಪೆಟ್ರೋಲೂ ಉಂಟೆಂದು ಸೇರಿಸುತ್ತಿದ್ದರು.

ಇನ್ನು ಪೂರ್ವಪಕ್ಷಗಳು. ಏರ್ ಫಿಲ್ಟರ್ ಬದಲಿಸಿ ಎನ್ನುವವರನ್ನು ಬೇಗ ಸಾಗಹಾಕಬಹುದು: ಧೂಳು ಗಾಳಿಯನ್ನು ತಡೆದೀತು, ಹೆಪ್ಪುಗಟ್ಟಿಸಲಾರದು. ಹೊಸ ಸೆನ್ಸರ್ ಹಾಕಿ ಎನ್ನುವ ಪಕ್ಷ ಪ್ರಬಲ, ಏಕೆಂದರೆ ಬಿಡಿಭಾಗದ ಅಂಗಡಿ ಅದರ ಬೆನ್ನಿಗಿದೆ. ಅದಕ್ಕೆ ಒಂದು ಗೇಣು ವೈರೇ ಉತ್ತರ. ಕನೆಕ್ಟರ್ ಕಳಚಿ, ವೈರಿನ ಕಡೆಯ ಎರಡೂ ಪಿನ್ನುಗಳನ್ನು ಆ ತುಂಡಿನಿಂದ ಜೋಡಿಸಬೇಕು. (ಗಾಳಿಯ ಪ್ರಮಾಣ ಅಳೆಯುವ ಸೆನ್ಸರೂ ಅದೇ ಡಬ್ಬಿಯಲ್ಲಿದ್ದರೆ ಪಿನ್ನುಗಳು ಹೆಚ್ಚು, ಅಲ್ಲಿ ನಕ್ಷೆ ನೋಡದೆ ಕೈಹಾಕುವುದು ಶಾಸ್ತ್ರವಿರುದ್ಧ.) ಮೈನಸ್ 40 ಒಮ್ಮೆಲೇ ನೂರು ಡಿಗ್ರಿ ದಾಟಿ ಹಾರಿದರೆ ವೈರೂ ಕಂಪ್ಯೂಟರೂ ನಿರ್ದೋಷಿ, ಸೆನ್ಸರೋ ಅದರ ಪಿನ್ನಿನ ಕಿಲುಬೋ ಅಪರಾಧಿ. ಅಂಕಿ ಕದಲದಿದ್ದರೆ ಎಷ್ಟು ಸೆನ್ಸರ್ ತಂದರೂ ಚಳಿ ಬಿಡದು. ಬ್ಯಾಟರಿ ಕಳಚಿ ಹಾಕಿ ಎನ್ನುವವರ ಸಿದ್ಧಾಂತ ದೀಪ ಆರಿಸುತ್ತದೆ, ಮುಂದಿನ ಏರಿನವರೆಗೆ.

ವೈರು ತುಂಡರಿಸಿದವರಾರು? ಜುಲೈ ಮಳೆಯಲ್ಲಿ ಮೂಡಿಗೆರೆಯ ಶೆಡ್ಡೊಂದರಲ್ಲಿ ಬೆಚ್ಚಗಿರುವ ಜಾಗವೆಂದರೆ ಆಗಷ್ಟೇ ಬಂದು ನಿಂತ ಕಾರಿನ ಎಂಜಿನ್. ವೈರಿನ ಹೊದಿಕೆಯ ಮೇಲೆ ಜೋಡಿಹಲ್ಲಿನ ಗುರುತು, ಒಳಗೆ ಹಸಿರುಗಟ್ಟಿ ಪುಡಿಯಾದ ತಾಮ್ರ. ಇಲಿಯ ವಾದ ಕೇಳದೆ ತೀರ್ಪು ಕೊಡುವುದು ಸಹಜನ್ಯಾಯವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ತನ್ನ ಹೇಳಿಕೆಯನ್ನು ಏರ್ ಫಿಲ್ಟರ್ ಡಬ್ಬಿಯ ಮೇಲೆ, ಕಪ್ಪು ಹಿಕ್ಕೆಗಳಲ್ಲಿ, ಆಗಲೇ ಸವಿಸ್ತಾರವಾಗಿ ದಾಖಲಿಸಿದೆ.