ಐಕ್ಯತೆಗೆ ಎರಡು ಸಮಿತಿ

(ಬೊಮ್ಮನಹಳ್ಳಿ. ಗಾರ್ಮೆಂಟ್ಸ್ ಬಿಟ್ಟ ಹೊತ್ತು. ಟೀ ಅಂಗಡಿ ಮುಂದೆ ಕರಪತ್ರದ ಕಟ್ಟು ಹಿಡಿದ ಹಿರಿಯ ಕಾಮ್ರೇಡ್, ಟಿಫಿನ್ ಬಾಕ್ಸ್ ಹಿಡಿದ ಟೈಲರಮ್ಮ.)

ಕಾಮ್ರೇಡ್: ತಗೊಳ್ಳಮ್ಮ. ಭಾನುವಾರ ಎಡಪಕ್ಷಗಳ ಐಕ್ಯತಾ ಸಮಾವೇಶ.

ಟೈಲರಮ್ಮ: ಹೋದ ವಾರವೂ ಇಂಥದ್ದೇ ಕೊಟ್ರಲ್ಲಣ್ಣ?

ಕಾಮ್ರೇಡ್: ಅದು ಬೇರೆಯವರ ಐಕ್ಯತೆ. ಅವರಿಗೂ ನಮಗೂ ಆಗಿಬರಲ್ಲ, 1964ರಲ್ಲಿ ಪಕ್ಷ ಒಡೆದಾಗಿನಿಂದ.

ಟೈಲರಮ್ಮ: ನಾನಾಗ ಹುಟ್ಟೇ ಇರ್ಲಿಲ್ಲ. ಭಾನುವಾರ ನಮ್ಮ ವಠಾರಕ್ಕೆ ನೀರು ಬರೋ ದಿನ.

ಕಾಮ್ರೇಡ್: ಇದೇ ನೋಡಮ್ಮ! ನಿಮ್ಮಂಥವರಿಗೆ ವರ್ಗಪ್ರಜ್ಞೆ ಬರೋವರೆಗೆ ಬಂಡವಾಳಶಾಹಿ ಅಲುಗಾಡಲ್ಲ.

ಟೈಲರಮ್ಮ: ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷದವರೆಗೆ ಮುಟ್ಟಂಗಿಲ್ಲ ಅಂದಾಗ, 2016ರ ಏಪ್ರಿಲ್‌ನಲ್ಲಿ, ಇದೇ ಹೊಸೂರು ರಸ್ತೇಲಿ ಕೂತ್ವಿ. ಎರಡನೇ ದಿನಕ್ಕೇ ದಿಲ್ಲಿಯವರು ಹಿಂದಕ್ಕೆ ತಗೊಂಡ್ರು. ನೀವೆಲ್ಲಿದ್ರಿ?

ಕಾಮ್ರೇಡ್: ಅದು ಸ್ವಯಂಸ್ಫೂರ್ತ ಹೋರಾಟ. ನಾವು ವಿಶ್ಲೇಷಣೆ ಮಾಡ್ತಿದ್ವಿ.

ಟೈಲರಮ್ಮ: ಮುಗೀತಾ?

ಕಾಮ್ರೇಡ್: ಕರಡು ಸಿದ್ಧ ಇದೆ.

(ಕಾಮ್ರೇಡರ ಪರವಾಗಿಯೂ ಒಂದು ಮಾತು: 29 ಕಾರ್ಮಿಕ ಕಾನೂನುಗಳನ್ನು ಅರೆದು 4 ಸಂಹಿತೆ ಮಾಡಿದಾಗ ಬೀದಿಗಿಳಿದವರಲ್ಲಿ ಇವರೂ ಇದ್ದರು. ಕಾರ್ಖಾನೆ ಗೇಟಿನೊಳಕ್ಕೆ ಮಾತ್ರ ಇವರನ್ನು ಸೆಕ್ಯುರಿಟಿಯವನು ಬಿಡುವುದಿಲ್ಲ.)

ಟೈಲರಮ್ಮ: ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಲ್ಲಿ ಬರೀತಾರೆ. ಟಾರ್ಗೆಟ್ ಮುಗಿಯೋವರೆಗೆ ಬಾತ್‌ರೂಮಿಗೂ ಎದ್ದೋಗಂಗಿಲ್ಲ. ಯೂನಿಯನ್ ಹೆಸರೆತ್ತಿದ ಹುಡುಗೀನ ಮಾರನೇ ದಿನವೇ ಬೇರೆ ಲೈನಿಗೆ ಹಾಕಿದ್ರು. ನಿಮ್ಮ ಕರಪತ್ರದಲ್ಲಿ ಅದೈತಾ?

ಕಾಮ್ರೇಡ್: ಮೊದಲ ಎರಡು ಪುಟ ಸಾಮ್ರಾಜ್ಯಶಾಹಿ. ಮೂರರಲ್ಲಿ, ಕೆಳಗೆ, 'ಇತರೆ ಬೇಡಿಕೆಗಳು'.

ಟೈಲರಮ್ಮ: ಕೊಡಿ ಒಂದಿಪ್ಪತ್ತು.

ಕಾಮ್ರೇಡ್: (ಮುಖ ಅರಳಿಸಿ) ಹಂಚ್ತೀಯೇನಮ್ಮ?

ಟೈಲರಮ್ಮ: ನಾಲ್ಕನೇ ಪುಟ ಖಾಲಿ ಐತೆ. ನಮ್ಮ ಲೈನಿನವರ ಹೆಸರು, ಫೋನ್ ನಂಬರ್ ಬರ್ಕೊಳ್ಳೋಕೆ ಬೇಕು. ಪೆನ್ನಿದ್ರೆ ಅದನ್ನೂ ಕೊಡಿ.